ನಿಮಗಿದು ಗೊತ್ತೇ? ಗಿಟಾರಿನ ಗರಗರ, ಅಟ್ಟದ ಮೇಲಿನ ವಾಲ್ವ್ ರೇಡಿಯೊ

ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಬೇಕೆಂದೇ ಒಡೆದು ಗರಗರ ಅನ್ನಿಸುವ ಪುಟ್ಟ ಪೆಟ್ಟಿಗೆಯೇ ಫಜ್ ಪೆಡಲ್. ಗಾಜಿನ ವಾಲ್ವ್‌ಗಳಿಂದ ದನಿ ಏರಿಸುವುದು ಟ್ಯೂಬ್ ಆಂಪ್ಲಿಫೈಯರ್. ಎರಡೂ ದೂರದ ಊರಿನ ಸರಕೆಂದು ತೋರಿದರೂ ಇವುಗಳ ಬೇರು ಹಳೇ ರೇಡಿಯೊ ರಿಪೇರಿಯವರ ಕೈಕೆಲಸದಲ್ಲಿದೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಹವ್ಯಾಸಿಗಳಿಗಾಗಿ ಒಂದಿಷ್ಟು ಸಂಗತಿಗಳು ಇಲ್ಲಿವೆ.

● ದನಿಗೆ ಝೇಂಕಾರ ಕೂಡಿಸುವ ಹುಚ್ಚು ನಮಗೆ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿ ಒಂದು ನೂಲೆಳೆ ಸರಿಸಿದರೆ ಮೂಲಸ್ವರದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಮೇಲುಸ್ವರಗಳೂ ಎದ್ದು ಕೇಳುತ್ತವೆ. ಇದರ ವಿಜ್ಞಾನವನ್ನು ಸಿ.ವಿ. ರಾಮನ್ 1921ರಷ್ಟು ಹಿಂದೆಯೇ ಬರೆದಿದ್ದರು. ಫಜ್ ಪೆಡಲ್ ಮೇಲುಸ್ವರ ಕೂಡಿಸುವುದು ಟ್ರಾನ್ಸಿಸ್ಟರಿನಿಂದ.

● ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟಿದ್ದ. ಸಂಗೀತಪ್ರಿಯನಾದ ಈ ಸುಲ್ತಾನ ‘ಕಿತಾಬ್-ಎ-ನವರಸ್’ ಬರೆದದ್ದಲ್ಲದೆ, ನಗರದ ಪಶ್ಚಿಮಕ್ಕೆ ತೊರವಿಯ ಬಳಿ ನವರಸಪುರವನ್ನೂ ಕಟ್ಟಿಸಿದ.

● ಫಜ್ ಹುಟ್ಟಿದ್ದು ಕೆಟ್ಟ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣದ ವೇಳೆ ಉಪಕರಣ ಕೆಟ್ಟು ಗ್ರೇಡಿ ಮಾರ್ಟಿನ್ ನುಡಿಸಿದ ಗಿಟಾರ್ ಗೊರಗೊರ ಅಂದಿತು. ಅದನ್ನು ಹಾಗೇ ಉಳಿಸಿಕೊಂಡರು. 1961ರಲ್ಲಿ ಹಾಡು ಜನಪ್ರಿಯವಾಯಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿಯನ್ನು ಟ್ರಾನ್ಸಿಸ್ಟರುಗಳಿಂದ ಹೊರಡಿಸಿದ. 1962ರಲ್ಲಿ ‘ಮೇಸ್ಟ್ರೊ ಎಫ್‌ಜಡ್-1’ ಮಾರುಕಟ್ಟೆಗೆ ಬಂತು. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, 3 ವೋಲ್ಟ್ ಬ್ಯಾಟರಿ, ಇಷ್ಟೇ ಅದರ ಬಂಡವಾಳ.

● ಅದೇ 1962ರಲ್ಲಿ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಸಲು ಶುರುಮಾಡಿತು. ಅದರ ಹಿಂದಿನ ವರ್ಷ, 1961ರಲ್ಲಿ, ರೇಡಿಯೊ ವಾಲ್ವ್ ತಯಾರಿಕೆ ಆರಂಭವಾಗಿತ್ತು. ಅಂದರೆ ಫಜ್‌ಗೆ ಬೇಕಾದದ್ದೂ ಟ್ಯೂಬ್ ಆಂಪ್ಲಿಫೈಯರಿಗೆ ಬೇಕಾದದ್ದೂ ಕರ್ನಾಟಕದಲ್ಲೇ ತಯಾರಾಗುತ್ತಿತ್ತು. ‘ಬಿಇಎಲ್’ ಮುದ್ರೆಯ ಎಸಿ128 ಟ್ರಾನ್ಸಿಸ್ಟರನ್ನು ಇಂದು ಫಜ್ ಕಟ್ಟುವವರು ಹುಡುಕಿ ಕೊಳ್ಳುತ್ತಾರೆ.

● ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಳಸಿದ ‘ಫಜ್ ಫೇಸ್’ ಪೆಡಲಿನ ಒಳಗಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಕಂಟ್ರೋಲ್ (ಫಜ್, ವಾಲ್ಯೂಮ್) ಮತ್ತು 9 ವೋಲ್ಟ್ ಬ್ಯಾಟರಿ. 1966ರಲ್ಲಿ ಬಂದ ಇದರ ದುಂಡನೆಯ ಪೆಟ್ಟಿಗೆಗೆ ಮಾದರಿ ಮೈಕ್ ಸ್ಟ್ಯಾಂಡಿನ ತಳಭಾಗ.

● ಜರ್ಮೇನಿಯಂಗೆ ನಮ್ಮ ಬೇಸಿಗೆ ಆಗಿಬರುವುದಿಲ್ಲ. ಶಾಖ ಏರಿದಂತೆ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ ಸೋರಿಕೆ ಹೆಚ್ಚುತ್ತದೆ. ಸುಮಾರು 10 ಡಿಗ್ರಿಗೆ ಅದು ದುಪ್ಪಟ್ಟು. ಪೌಷದ ಚಳಿಯಲ್ಲಿ ಇಂಪಾಗಿದ್ದ ಪೆಡಲ್, 40 ಡಿಗ್ರಿ ದಾಟುವ ವಿಜಯಪುರದ ಏಪ್ರಿಲ್‌ನಲ್ಲಿ ಉಗುಳಿದಂತೆ ಕೆಮ್ಮಬಹುದು. ಇಲ್ಲಿಯವರಿಗೆ ಬಿಸಿಗೆ ಜಗ್ಗದ ಸಿಲಿಕಾನ್ ಟ್ರಾನ್ಸಿಸ್ಟರೇ ಮೇಲು. ಬಿಸಿ108, ಬಿಸಿ109 ಹಾಕಿದ ಫಜ್ ಫೇಸ್‌ಗಳೂ ಇದ್ದವು. ಇವುಗಳ ದನಿ ಮಾತ್ರ ತುಸು ಚುರುಕು.

● ಪೆಡಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದರೆ ಸುತ್ತಲಿನ ವೈರಿಂಗಿನ ಗುಂಯ್‌ಗುಡುವಿಕೆಯೂ ಒಳಗೆ ನುಗ್ಗುತ್ತದೆ. ಪತ್ರಾ ಅಥವಾ ಅಲ್ಯುಮಿನಿಯಂ ಡಬ್ಬಿಯನ್ನು ಗ್ರೌಂಡ್ ವೈರಿಗೆ ಜೋಡಿಸಿದರೆ ಅದು ಬಹಳ ಮಟ್ಟಿಗೆ ತಡೆಯುತ್ತದೆ.

● ಟ್ರಾನ್ಸಿಸ್ಟರ್ ಸಿದ್ಧವಾದದ್ದು 1947ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ಮೈಕು, ರೇಡಿಯೊ, ಟಾಕಿ ಎಲ್ಲಕ್ಕೂ ವಾಲ್ವೇ ಗತಿ. ಅಂದಿನ ವಿಜಯಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ ದನಿ ಥೇಟರಿನ ಪ್ರೇಕ್ಷಕರನ್ನು ಮುಟ್ಟಿದ್ದು ವಾಲ್ವ್‌ಗಳ ಮೂಲಕವೇ.

● ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ‘ಆಕಾಶವಾಣಿ’ಯ ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್. ಬೀಟಲ್ಸ್ ತಂಡ ಬಳಸಿದ ‘ವಾಕ್ಸ್ ಎಸಿ30’ ಗಿಟಾರ್ ಆಂಪ್ಲಿಫೈಯರಿನದೂ ಅಷ್ಟೇ!

● ಆ ಎಸಿ30 ಒಳಗೆ ದುಡಿಯುವುದು ನಾಲ್ಕು ಇಎಲ್84 ವಾಲ್ವ್. ಅದೇ ಇಎಲ್84 ಹಳೇ ಮೇಜಿನ ರೇಡಿಯೊಗಳಲ್ಲಿ ಸ್ಪೀಕರ್ ನಡೆಸುತ್ತಿತ್ತು. ಅಜ್ಜನ ಕಾಲದ ರೇಡಿಯೊದಿಂದ ಗಿಟಾರ್ ಆಂಪ್ಲಿಫೈಯರ್ ಹುಟ್ಟಬಹುದು ಎನ್ನುವುದು ಇದಕ್ಕೇ.

● ದೊಡ್ಡ ಕಂಪನಿಗಳೂ ಹುಟ್ಟಿದ್ದು ಸಣ್ಣ ಅಂಗಡಿಗಳಲ್ಲಿ. ಲಿಯೊ ಫೆಂಡರ್ 1938ರಲ್ಲಿ ತೆರೆದದ್ದು ರೇಡಿಯೊ ರಿಪೇರಿ ಅಂಗಡಿ. ಲಂಡನ್ನಿನ ಜಿಮ್ ಮಾರ್ಷಲ್‌ನ ಅಂಗಡಿಯವರು 1962ರಲ್ಲಿ ಫೆಂಡರಿನ ‘ಬಾಸ್‌ಮನ್’ ಆಂಪ್ಲಿಫೈಯರನ್ನು ನಕಲು ಮಾಡಿ, ತಮ್ಮೂರಲ್ಲಿ ಸಿಗುವ ಸಾಮಾನು ಹಾಕಿ ಕಟ್ಟಿದ್ದು ‘ಜೆಟಿಎಂ45’. ದನಿ ಬೇರೆಯಾಯಿತು, ಹೆಸರೂ ಬಂತು.

● ಆಂಪ್ಲಿಫೈಯರಿನ ಗುಂಯ್ ಶಬ್ದಕ್ಕೂ ಒಂದು ಶ್ರುತಿ ಇದೆ. ನಮ್ಮ ಮನೆಯ ಕರೆಂಟು 50 ಹರ್ಟ್ಜ್. ಡಯೋಡ್ ದಾಟಿದ ಮೇಲೆ ಅದು 100 ಹರ್ಟ್ಜ್ ಗುಂಯ್ ಆಗುತ್ತದೆ. ಅಮೆರಿಕದಲ್ಲಿ ಅದೇ 120. ಗುಂಯ್ 50 ಆಗಿದ್ದರೆ ವೈರಿಂಗ್ ನೋಡಿ, 100 ಆಗಿದ್ದರೆ ಸಪ್ಲೈನ ದೊಡ್ಡ ಕೆಪಾಸಿಟರ್ ನೋಡಿ.

● ಅಮೆರಿಕದ 120 ವೋಲ್ಟ್ ಆಂಪ್ಲಿಫೈಯರನ್ನು ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ.

● ವೋಲ್ಟೇಜ್ ಇಳಿದರೆ ವಾಲ್ವಿನ ದನಿ ಬೇಗ ಒಡೆಯುತ್ತದೆ. ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲೆನ್ 120 ವೋಲ್ಟಿನ ಕರೆಂಟನ್ನು ಸುಮಾರು 90ಕ್ಕೆ ಇಳಿಸಿ ತನ್ನ ಮಾರ್ಷಲ್ ಆಂಪ್ಲಿಫೈಯರ್ ನುಡಿಸುತ್ತಿದ್ದ. ತಿಕೋಟಾ, ಬಬಲೇಶ್ವರದ ಹೊಲಮನೆಗಳಲ್ಲಿ ಪಂಪ್‌ಸೆಟ್ ಹೊತ್ತಿಗೆ ಕರೆಂಟ್ ಡಿಮ್ಮಾದರೆ ಅದೇ ಪರಿಣಾಮ ಪುಕ್ಕಟೆ. ಆದರೆ ಫಿಲಮೆಂಟಿಗೆ ಬೇಕಾದ 6.3 ವೋಲ್ಟ್ ದಿನವೂ ಕಡಿಮೆ ಬಿದ್ದರೆ ವಾಲ್ವಿನ ಆಯಸ್ಸು ಕುಗ್ಗುತ್ತದೆ.

● ಪೆಡಲಿನ 9 ವೋಲ್ಟ್ ಮಕ್ಕಳ ಕೈಗೂ ಅಪಾಯವಿಲ್ಲ. ವಾಲ್ವ್ ಸೆಟ್‌ನ ಒಳಗೆ ಮಾತ್ರ 250ರಿಂದ 400 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಹಿಡಿದು ನೋಡಿದ ನಂತರವೇ ಕೈ ಹಾಕಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

● ವಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗದು. ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಅನ್ನಿಸಲು ಹತ್ತು ಪಟ್ಟು ವಾಟ್ ಬೇಕು. ಮನೆಯಲ್ಲಿ ನುಡಿಸಲು 1 ವಾಟ್ ಸಾಕು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್ ಎಂಬುದೂ ನೆನಪಿರಲಿ.

● ಗೋಳಗುಮ್ಮಟದ ಪ್ರತಿಧ್ವನಿಯನ್ನು ಡಬ್ಬಿಯಲ್ಲಿ ಹಿಡಿಯಬಹುದು! ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ದನಿ ಎದುರು ಗೋಡೆಗೆ ಹೋಗಿ ಮರಳಲು ಸುಮಾರು 220 ಮಿಲಿಸೆಕೆಂಡ್ ಬೇಕು. ಕರೋಕೆ ಯಂತ್ರಗಳಲ್ಲಿ ಬಳಕೆಯಾಗುವ ಅಗ್ಗದ ‘ಪಿಟಿ2399’ ಚಿಪ್ ಸುಮಾರು 340 ಮಿಲಿಸೆಕೆಂಡಿನವರೆಗೆ ದನಿಯನ್ನು ತಡೆಹಿಡಿಯಬಲ್ಲದು. ಅದನ್ನು 220ಕ್ಕೆ ಇಟ್ಟು, ಗುಮ್ಮಟದಲ್ಲಿನಂತೆ ಏಳು ಸಲ ಮರುಕಳಿಸುವಂತೆ ತಿರುಗಿಸಿ, ಮುಂದೆ ಒಂದು ಫಜ್ ಜೋಡಿಸಿದರೆ ಅದು ಅಪ್ಪಟ ವಿಜಯಪುರದ ಪೆಡಲ್.

● ಕೊನೆಯ ಮಾತು: ಅಟ್ಟದ ಮೇಲಿನ ಹಳೇ ರೇಡಿಯೊ, ಮೈಕ್ ಸೆಟ್ಟಿನ ಆಂಪ್ಲಿಫೈಯರನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಅದರೊಳಗಿನ ವಾಲ್ವ್, ಟ್ರಾನ್ಸ್‌ಫಾರ್ಮರ್, ಎಸಿ128 ಇನ್ನೂ ಹಾಡಬಲ್ಲವು. ಊರಲ್ಲಿ ವಾಲ್ವ್ ಸೆಟ್ ಬಿಚ್ಚಬಲ್ಲ ಹಿರಿಯ ಮೆಕ್ಯಾನಿಕ್ ಇದ್ದರೆ, ಅವರ ಕೈಕೆಳಗೆ ಕುಳಿತು ಈಗಲೇ ಕಲಿತುಕೊಳ್ಳಿ.