ಮನೆಯ ನಾಯಿಯ ತುರಿಕೆ: ಕಜ್ಜಿಯೋ, ಅಲರ್ಜಿಯೋ?

ಊರ ಹೊರವಲಯದಲ್ಲಿ, ಹೆದ್ದಾರಿಯ ಹೋಟೆಲುಗಳ ಹಿಂಭಾಗದಲ್ಲಿ, ಕೊರಳಲ್ಲಿ ಪಟ್ಟಿಯಿದ್ದೂ ಮೈಮೇಲೆ ರೋಮವಿಲ್ಲದ ನಾಯಿಗಳು ಅಲೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಕಾಲಕ್ಕೆ ಅವು ಯಾರದೋ ಮನೆಯ ಅಂಗಳದಲ್ಲಿ ಮಲಗಿದ್ದ ಪ್ರಾಣಿಗಳೇ. ತುರಿಕೆ ಆರಂಭವಾಯಿತು, ಕೂದಲು ಉದುರಿತು, ಮೈಯಿಂದ ದುರ್ವಾಸನೆ ಬಂದಿತು. ‘ಕಜ್ಜಿ ಹಿಡಿದಿದೆ, ಮಕ್ಕಳಿಗೆ ಅಂಟೀತು’ ಎಂಬ ಭಯದಿಂದ ಮನೆಯವರು ದೂರ ಬಿಟ್ಟುಬಂದರು. ಅವುಗಳಲ್ಲಿ ಕೆಲವಕ್ಕಾದರೂ ಇದ್ದಿರಬಹುದಾದದ್ದು ಯಾರಿಗೂ ಅಂಟದ, ಚಿಕಿತ್ಸೆಯಿಂದ ಹತೋಟಿಗೆ ಬರುವ ಅಲರ್ಜಿ. ಆದಕಾರಣ ಈ ಸಂಚಿಕೆಯಲ್ಲಿ ಸಾಕುನಾಯಿಯ ಅಲರ್ಜಿ, ಆಹಾರ ಮತ್ತು ಆರೋಗ್ಯ ತಪಾಸಣೆಯ ವಿಚಾರವನ್ನು ಎತ್ತಿಕೊಂಡಿದ್ದೇವೆ.

ನಾವು ಕಜ್ಜಿ ಎಂದು ಕರೆಯುವುದರಲ್ಲಿಯೇ ಎರಡು ಬಗೆಗಳಿವೆ. ಸಾರ್ಕಾಪ್ಟಿಸ್ ಎಂಬ ಸೂಕ್ಷ್ಮ ಹುಳು ಚರ್ಮವನ್ನು ಕೊರೆದು ಸೇರಿಕೊಳ್ಳುತ್ತದೆ. ಕಿವಿಯ ಅಂಚು, ಮೊಣಕೈಗಳಲ್ಲಿ ವಿಪರೀತ ತುರಿಕೆ ಉಂಟುಮಾಡುತ್ತದೆ. ಸಂಪರ್ಕಕ್ಕೆ ಬಂದ ಮನುಷ್ಯರಲ್ಲಿಯೂ ಕೆಲವು ದಿನ ಕಡಿತವೆಬ್ಬಿಸಬಲ್ಲದು. ಡೆಮೊಡೆಕ್ಸ್ ಎಂಬ ಇನ್ನೊಂದು ಹುಳು ರೋಮದ ಬುಡದಲ್ಲಿ ವಾಸಿಸುತ್ತದೆ, ತಾಯಿಯಿಂದ ಎಳೆಯ ಮರಿಗೆ ಬರುತ್ತದೆ, ಮನುಷ್ಯರಿಗೆ ಅಂಟುವುದಿಲ್ಲ. ಅಲರ್ಜಿಯಾದರೋ ಇವೆರಡಕ್ಕಿಂತ ಬೇರೆ. ನಿರಪಾಯಕಾರಿಯಾದ ವಸ್ತುವೊಂದನ್ನು ದೇಹದ ರಕ್ಷಣಾ ವ್ಯವಸ್ಥೆಯು ಶತ್ರುವೆಂದು ಬಗೆದು ಹೋರಾಡುವುದೇ ಅಲರ್ಜಿ. ನಮಗಾದರೆ ಸೀನು, ನೆಗಡಿಯಾಗಿ ತೋರುವ ಈ ಹೋರಾಟ ನಾಯಿಯಲ್ಲಿ ಹೆಚ್ಚಾಗಿ ಚರ್ಮದ ಮೇಲೆ ತೋರುತ್ತದೆ. ನಾಯಿಯು ಸದಾ ಪಾದಗಳನ್ನು ನೆಕ್ಕುತ್ತದೆ, ಮುಖವನ್ನು ನೆಲಕ್ಕೆ ಉಜ್ಜುತ್ತದೆ, ತಲೆ ಕೊಡಹುತ್ತದೆ. ಕಂಕುಳು, ಹೊಟ್ಟೆಯ ಕೆಳಭಾಗ ಕೆಂಪಾಗುತ್ತವೆ. ಕಿವಿಯ ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಅಲರ್ಜಿಯನ್ನು ಶಂಕಿಸಲೇಬೇಕು. ಕಣ್ಣಳತೆಯಿಂದ ಇವುಗಳನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಪಶುವೈದ್ಯರು ಚರ್ಮವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಕೆಲವೇ ನಿಮಿಷಗಳದ್ದು.

ಈ ಪರೀಕ್ಷೆಗೂ ಮುನ್ನವೇ ನಮ್ಮಲ್ಲಿ ನಡೆಯುವ ಉಪಚಾರಗಳನ್ನು ನೆನೆದರೆ ಮನಸ್ಸು ನೋಯುತ್ತದೆ. ಸುಟ್ಟ ಎಂಜಿನ್ ಎಣ್ಣೆ, ಸೀಮೆಎಣ್ಣೆ, ಬೆಳೆಗೆ ಸಿಂಪಡಿಸುವ ಕೀಟನಾಶಕಗಳನ್ನು ನಾಯಿಯ ಮೈಗೆ ಸವರುವ ರೂಢಿ ಇನ್ನೂ ಉಳಿದಿದೆ. ನಾಯಿಯು ತನ್ನ ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿ. ಸವರಿದ್ದೆಲ್ಲವೂ ಹೊಟ್ಟೆಗೆ ಹೋಗುತ್ತದೆ. ಕೀಟನಾಶಕದಿಂದ ಜೊಲ್ಲು, ನಡುಕ, ಸೆಳವು ಬಂದು ಪ್ರಾಣವೇ ಹೋಗಬಹುದು. ನಮ್ಮ ಜ್ವರದ ಮಾತ್ರೆಯನ್ನು ಮುರಿದು ಕೊಡುವುದೂ ಸಲ್ಲದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ಗಳು ನಾಯಿಗೆ ವಿಷವಾಗಬಲ್ಲವು.

ಅಲರ್ಜಿಗೆ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು ಚಿಗಟ. ಅದರ ಜೊಲ್ಲಿಗೆ ಒಗ್ಗದ ನಾಯಿಗೆ ಒಂದೆರಡು ಕಡಿತವೇ ಸಾಕು, ಬಾಲದ ಬುಡದಿಂದ ಸೊಂಟದವರೆಗೆ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತದೆ. ಮೈಮೇಲೆ ಚಿಗಟ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. ಅದರ ಮೊಟ್ಟೆ, ಮರಿಗಳಿರುವುದು ಹಾಸಿನಲ್ಲಿ, ನೆಲದ ಬಿರುಕುಗಳಲ್ಲಿ. ಮನೆಯ ಎಲ್ಲ ನಾಯಿ-ಬೆಕ್ಕುಗಳಿಗೂ ಒಟ್ಟಿಗೆ ಔಷಧಿಯಾಗಬೇಕು. ಆದರೆ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಬಾರದು. ಎರಡನೆಯದು ಮನೆಯ ಧೂಳಿನ ಸೂಕ್ಷ್ಮ ಹುಳು, ಹುಲ್ಲಿನ ಪರಾಗ, ಬೂಷ್ಟುಗಳಂತಹ ಪರಿಸರದ ವಸ್ತುಗಳು. ಇವುಗಳಿಂದಾಗುವ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪಗ್ ತಳಿಗಳಲ್ಲಿ ಹೆಚ್ಚು. (ನಮ್ಮ ಬಿಸಿಲಿಗೆ ಒಗ್ಗಿದ, 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಮುಧೋಳ ನಾಯಿಯನ್ನು ಬಿಟ್ಟು ಶೀತದೇಶದ ದಟ್ಟ ರೋಮದ ತಳಿಗಳನ್ನೇ ಅರಸುವುದು ಏಕೋ ತಿಳಿಯದು. ಮುಧೋಳಕ್ಕೆ ಅಲರ್ಜಿಯೇ ಬಾರದೆಂದು ಇದರ ಅರ್ಥವಲ್ಲ.) ಮೂರನೆಯದು ಆಹಾರ. ಶಾಕಾಹಾರಿ ಮನೆಗಳಿಗೆ ನಿಜವಾದ ತೊಡಕು ಎದುರಾಗುವುದು ಇಲ್ಲಿಯೇ.

ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವವು ದನದ ಮಾಂಸ, ಹಾಲಿನ ಪದಾರ್ಥಗಳು, ಕೋಳಿಮಾಂಸ ಮತ್ತು ಗೋಧಿ. ಮಾಂಸ ತರದ ಮನೆಯಲ್ಲಿ ಅಲರ್ಜಿ ಬರಲಾರದೆಂಬ ಭಾವನೆ ಆದಕಾರಣ ಸರಿಯಲ್ಲ. ಹಾಲು, ಮೊಸರನ್ನ, ಚಪಾತಿಗಳಲ್ಲೇ ಬೆಳೆದ ನಾಯಿಗೆ ಅವೇ ಒಗ್ಗದೆ ಹೋಗಬಹುದು. ವರ್ಷಗಟ್ಟಲೆ ತಿಂದ ಆಹಾರಕ್ಕೂ ಅಲರ್ಜಿ ಹುಟ್ಟುತ್ತದೆ. ಹಾಲು ಕುಡಿದೊಡನೆ ಭೇದಿಯಾಗುವುದು ಮಾತ್ರ ಬೇರೆ ಸಂಗತಿ. ಬೆಳೆದ ನಾಯಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿರುತ್ತದೆ.

ಆಹಾರದ ಅಲರ್ಜಿಯನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಇರುವ ದಾರಿ ಒಂದೇ: ನಾಯಿ ಹಿಂದೆಂದೂ ತಿಂದಿರದ ಒಂದು ಪ್ರೋಟೀನು, ಒಂದು ಧಾನ್ಯ ಅಥವಾ ಗೆಡ್ಡೆಯನ್ನು ಮಾತ್ರ ಕನಿಷ್ಠ 8 ವಾರ ಕೊಡಬೇಕು. ತುರಿಕೆ ಇಳಿದ ಮೇಲೆ ಹಳೆಯ ಆಹಾರವನ್ನು ಮರಳಿ ಕೊಟ್ಟು ನೋಡಬೇಕು. ತುರಿಕೆ ಮರುಕಳಿಸಿದರೆ ಕಾರಣ ಸಿಕ್ಕಂತೆ. ಮಾಂಸ ಬೇಯಿಸಲೊಲ್ಲದ ಮನೆಯವರು ಇದನ್ನು ವೈದ್ಯರಿಗೆ ಮೊದಲೇ ಸಂಕೋಚವಿಲ್ಲದೆ ತಿಳಿಸಬೇಕು. ಪ್ರೋಟೀನನ್ನು ಅಲರ್ಜಿ ಹುಟ್ಟಿಸಲಾರದಷ್ಟು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ಔಷಧೀಯ ಆಹಾರಗಳಲ್ಲಿ ಸೋಯಾ ಆಧಾರಿತವೂ ಇವೆ. ಕಾಳುಗಳನ್ನು ಮೆತ್ತಗೆ ಬೇಯಿಸಿ ಕೊಡುವ ಕ್ರಮವನ್ನೂ ವೈದ್ಯರು ರೂಪಿಸಿಕೊಡಬಹುದು. ಈ 8 ವಾರಗಳಲ್ಲಿ ಸೋಲಾಗುವುದು ಸಾಮಾನ್ಯವಾಗಿ ಔಷಧಿಯಿಂದಲ್ಲ, ಮನೆಯವರ ಅಂತಃಕರಣದಿಂದ. ಅಜ್ಜಿಯವರು ಚಹಾದ ಜೊತೆಗಿನ ಬಿಸ್ಕತ್ತಿನ ಚೂರನ್ನು ಎಸೆಯುತ್ತಾರೆ, ಮಕ್ಕಳು ಮೊಸರನ್ನದ ತಟ್ಟೆಯನ್ನು ನೆಕ್ಕಿಸುತ್ತಾರೆ, ಹಬ್ಬದ ದಿನ ಹೋಳಿಗೆಯ ತುಣುಕು ಹೋಗುತ್ತದೆ. ಅಷ್ಟರಿಂದಲೇ ಅದುವರೆಗಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ರುಚಿ ಬೆರೆಸಿದ ಜಂತುಹುಳುವಿನ ಮಾತ್ರೆಯಲ್ಲಿಯೂ ಮಾಂಸದ ಅಂಶವಿರಬಹುದಾದ್ದರಿಂದ ಅದನ್ನೂ ವೈದ್ಯರಲ್ಲಿ ಕೇಳಬೇಕು. ಕೂಡುಕುಟುಂಬವಾದರೆ ನಾಯಿಗೆ ಉಣಿಸುವ ಹೊಣೆಯನ್ನು ಒಬ್ಬರಿಗೇ ವಹಿಸುವುದು ಲೇಸು.

ಅಲರ್ಜಿಯಿಲ್ಲದ ನಾಯಿಗೂ ಅನ್ನ-ಹಾಲು ಪೂರ್ಣ ಆಹಾರವಲ್ಲ. ನಾಯಿಯು ಬೆಕ್ಕಿನಂತೆ ಮಾಂಸವನ್ನೇ ಅವಲಂಬಿಸಿದ ಪ್ರಾಣಿಯಲ್ಲ. ಸರಿಯಾಗಿ ಯೋಜಿಸಿದ ಶಾಕಾಹಾರದಲ್ಲಿ ಬಾಳಬಲ್ಲದು. ಆದರೆ ನಮ್ಮಂತೆ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವವನ್ನು ಪಡೆಯಲು ಅದರ ಚರ್ಮಕ್ಕೆ ಆಗದು. ಬಿ-12, ಸುಣ್ಣದ ಅಂಶ, ಸತುಗಳ ಕೊರತೆಯೂ ಆಗಬಹುದು. ಬೆಳೆಯುವ ಮರಿ ಮತ್ತು ಹಾಲೂಡುವ ತಾಯಿನಾಯಿಯ ವಿಷಯದಲ್ಲಂತೂ ವೈದ್ಯರ ಸಲಹೆಯಿಲ್ಲದೆ ಮನೆಯ ಅಡುಗೆಯನ್ನಷ್ಟೇ ನಂಬಬಾರದು.

ಉಳಿದ ಅಡುಗೆಯನ್ನು ನಾಯಿಗೆ ಹಾಕುವಾಗ ಈರುಳ್ಳಿ, ಬೆಳ್ಳುಳ್ಳಿಗಳ ಬಗ್ಗೆ ಎಚ್ಚರವಿರಲಿ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗದು. ದೇಹತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಅಪಾಯಕ್ಕೆ ಸಾಕು. ಎಂದರೆ 5 ಕಿಲೋ ತೂಕದ ನಾಯಿಗೆ ಒಂದು ಈರುಳ್ಳಿಯೇ ಹೆಚ್ಚಾದೀತು. ದ್ರಾಕ್ಷಿಯಿಂದ ಮೂತ್ರಪಿಂಡಗಳು ಕೆಡಬಹುದು, ಮತ್ತು ಎಷ್ಟು ತಿಂದರೆ ಅಪಾಯವೆಂದು ಮುಂಚಿತವಾಗಿ ಹೇಳಲಾಗದು. ವಿಜಯಪುರದ ಕಡೆಯ ಭಕ್ತರ ಮನೆಗಳಲ್ಲಿ ಒಣದ್ರಾಕ್ಷಿ ಸದಾ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ, ಪಾಯಸದಲ್ಲಿರುವುದೂ ದ್ರಾಕ್ಷಿಯೇ. ಚಾಕೊಲೇಟ್ ಸಹ ವರ್ಜ್ಯ.

ಚಿಕಿತ್ಸೆಯ ವಿಷಯದಲ್ಲಿ ಒಂದು ಮಾತು. ತುರಿಕೆಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸಿದರೆ ಬೇಗನೆ ಶಮನ ದೊರೆಯುತ್ತದೆ. ಅದಕ್ಕಾಗಿ ಕೆಲವರು ತಿಂಗಳಿಗೊಮ್ಮೆ ಅದನ್ನೇ ಬೇಡುತ್ತಾರೆ. ದೀರ್ಘಕಾಲ ಬಳಸಿದರೆ ಅತಿಯಾದ ಬಾಯಾರಿಕೆ, ಹಸಿವು, ಬೊಜ್ಜು ಬರುತ್ತವೆ, ಸೋಂಕುಗಳಿಗೆ ದಾರಿಯಾಗುತ್ತದೆ. ಪರಿಸರದ ಅಲರ್ಜಿ ಬಹುಮಟ್ಟಿಗೆ ಜೀವನಪರ್ಯಂತದ್ದು. ಪೂರ್ಣ ವಾಸಿಯ ಭರವಸೆ ಕೊಡುವವರಿಗಿಂತ ಹತೋಟಿಯ ಮಾತನಾಡುವ ವೈದ್ಯರನ್ನು ನಂಬುವುದು ಮೇಲು. ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಕ್ಲಿಷ್ಟ ಪ್ರಕರಣಗಳನ್ನು ಒಯ್ಯಬಹುದು.

ತಪಾಸಣೆಗೆ ರೋಗ ಬರುವವರೆಗೆ ಕಾಯಬಾರದು. ಮರಿಗೆ 6ರಿಂದ 8 ವಾರಗಳಾದಾಗ ಲಸಿಕೆ ಆರಂಭಿಸಿ, 16 ವಾರಗಳವರೆಗೆ 3-4 ವಾರಗಳ ಅಂತರದಲ್ಲಿ ಮುಂದುವರಿಸಬೇಕು. ಹುಚ್ಚುನಾಯಿ ರೋಗದ ಲಸಿಕೆಯನ್ನು 3 ತಿಂಗಳಿಗೆ ಹಾಕಿಸಿ, ಮುಂದಿನದನ್ನು ವೈದ್ಯರು ಬರೆದುಕೊಟ್ಟ ದಿನಾಂಕಕ್ಕೆ ತಪ್ಪದೆ ಕೊಡಿಸಬೇಕು. ಬೆಳೆದ ನಾಯಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ, ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ, 7 ವರ್ಷ ದಾಟಿದ ಮೇಲೆ ವರ್ಷಕ್ಕೆರಡು ಬಾರಿ. ಉಣ್ಣೆ ಕಚ್ಚಿದ ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ ಅಂದೇ ಕರೆದೊಯ್ಯಬೇಕು. ಉಣ್ಣೆಯಿಂದ ಬರುವ ರಕ್ತದ ರೋಗಗಳು ಬೇಗ ಉಲ್ಬಣಿಸುತ್ತವೆ.

ವೈದ್ಯರ ಬಳಿ ಹೋಗುವಾಗ ಲಸಿಕೆಯ ಪುಸ್ತಕದೊಡನೆ ಒಂದು ಹಾಳೆಯನ್ನೂ ಒಯ್ಯಿರಿ. ತುರಿಕೆ ಯಾವ ತಿಂಗಳು ಆರಂಭವಾಯಿತು, ಮೈಯ ಯಾವ ಭಾಗದಲ್ಲಿ ಮೊದಲು ಕಾಣಿಸಿತು, ನಾಯಿ ಏನೇನು ತಿನ್ನುತ್ತದೆ, ಹಿಂದೆ ಯಾವ ಔಷಧಿಯಾಗಿದೆ ಎಂಬುದನ್ನೆಲ್ಲ ಬರೆದಿರಲಿ. ಅಜ್ಜಿಯವರು ಎಸೆಯುವ ಬಿಸ್ಕತ್ತೂ ಆ ಪಟ್ಟಿಯಲ್ಲಿರಲಿ.