ಮುಂಗಡದ ಹಣ, ವಿದ್ಯಾರ್ಥಿಯ ಉದ್ಯಮ

ಇನ್ನೂ ತಯಾರಾಗದ ವಸ್ತುವೊಂದರ ಮಾದರಿಯನ್ನು ಜನರ ಮುಂದಿಟ್ಟು, ಅದನ್ನು ಕೊಳ್ಳಲು ಒಪ್ಪಿದವರಿಂದ ಬೆಲೆಯನ್ನು ಮೊದಲೇ ಪಡೆದು, ಆ ಹಣದಿಂದಲೇ ವಸ್ತುವನ್ನು ತಯಾರಿಸಿ ಅವರ ಮನೆಗೆ ತಲುಪಿಸುವ ಪದ್ಧತಿಗೆ ಇಂದು ಕ್ರೌಡ್‌ಫಂಡಿಂಗ್ ಎಂಬ ಹೆಸರು ರೂಢಿಯಾಗಿದೆ. ಬ್ಯಾಂಕಿಗೆ ಅಡವಿಡಲು ಆಸ್ತಿಯಾಗಲಿ, ಹೂಡಿಕೆದಾರರಿಗೆ ತೋರಿಸಲು ಹಿಂದಿನ ವರ್ಷಗಳ ಲೆಕ್ಕಪತ್ರವಾಗಲಿ ಇಲ್ಲದ ವಿದ್ಯಾರ್ಥಿಗೆ ಈ ದಾರಿ ಸಹಜವಾಗಿಯೇ ಆಕರ್ಷಕವಾಗಿ ಕಾಣುತ್ತದೆ. ಎಂಜಿನಿಯರಿಂಗ್ ಕಾಲೇಜುಗಳೂ ಸಂಶೋಧನಾಲಯಗಳೂ ಕೈಗಾರಿಕಾ ಬಡಾವಣೆಗಳೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ಮೈಸೂರಿನಲ್ಲಿ ಅಂತಹ ಪ್ರಯತ್ನಕ್ಕೆ ಬೇಕಾದ ಅನುಕೂಲಗಳು ಸಾಕಷ್ಟಿವೆ. ಆದರೆ ಹೀಗೆ ಕೂಡಿಬರುವ ಹಣವನ್ನು ದಾನವೆಂದೋ ಬಂಡವಾಳವೆಂದೋ ಭಾವಿಸಿ ಹೊರಟವರು ನಡುದಾರಿಯಲ್ಲಿ ಸಿಕ್ಕಿಬಿದ್ದಿರುವುದೇ ಹೆಚ್ಚು. ವಾಸ್ತವವಾಗಿ ಅದು ವಸ್ತುವಿನ ರೂಪದಲ್ಲಿ, ಹೇಳಿದ ಅವಧಿಯೊಳಗೆ ತೀರಿಸಬೇಕಾದ ಸಾಲ.

ಈ ವ್ಯವಹಾರದ ತಿರುಳು ಕನ್ನಡ ನಾಡಿಗೆ ಹೊಸದಲ್ಲ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು, ಅವರ ಚಂದಾ ಹಣದ ಆಧಾರದ ಮೇಲೆ ಪುಸ್ತಕಗಳನ್ನು ಹೊರತಂದಿತು. ಬೃಹತ್ ಸಂಪುಟಗಳಿಗೆ ಪ್ರಕಟಣಪೂರ್ವ ರಿಯಾಯಿತಿ ದರ ಗೊತ್ತುಮಾಡಿ ಮುಂಗಡ ಪಡೆಯುವುದು ಇಂದಿಗೂ ನಮ್ಮ ಪ್ರಕಾಶಕರ ವಾಡಿಕೆ. ಗಿರೀಶ ಕಾರ್ನಾಡರು ಮುಖ್ಯ ಪಾತ್ರವೊಂದರಲ್ಲಿ ನಟಿಸಿದ, ಶ್ಯಾಮ್ ಬೆನೆಗಲ್ ನಿರ್ದೇಶನದ ‘ಮಂಥನ್’ ಚಿತ್ರಕ್ಕೆ 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕ ರೈತರು ತಲಾ 2 ರೂಪಾಯಿ ಕೊಟ್ಟಿದ್ದರು. ಅಂತರಜಾಲವು ಈ ಹಳೆಯ ಪದ್ಧತಿಗೆ ವೇಗವನ್ನೂ ವ್ಯಾಪ್ತಿಯನ್ನೂ ತಂದುಕೊಟ್ಟಿತು. ಕೊಡುವವನ ಮತ್ತು ಪಡೆಯುವವನ ನಡುವಿನ ಹೊಣೆಯನ್ನು ಮಾತ್ರ ಅದು ಕಡಿಮೆ ಮಾಡಲಿಲ್ಲ.

ಕರ್ನಾಟಕದಲ್ಲಿ ಈ ಪದ್ಧತಿ ಮನೆಮಾತಾದದ್ದು ಕಾರ್ಖಾನೆಯ ಸರಕಿನಿಂದಲ್ಲ, ‘ಲೂಸಿಯಾ’ ಎಂಬ ಚಲನಚಿತ್ರದಿಂದ. ಅದಕ್ಕೆ ಮೊದಲು ‘ಲೈಫು ಇಷ್ಟೇನೆ’ ಚಿತ್ರವನ್ನು ನಿರ್ದೇಶಿಸಿದ್ದ ಪವನ್ ಕುಮಾರ್ ಅವರು, ನಿರ್ಮಾಪಕರು ಮುಂದೆ ಬಾರದಿದ್ದಾಗ 2012ರಲ್ಲಿ ನೇರವಾಗಿ ಪ್ರೇಕ್ಷಕರನ್ನೇ ಕೇಳಿಕೊಂಡರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಸೇರಿತು. ಚಿತ್ರವು 2013ರ ಜುಲೈನಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರದರ್ಶನಗೊಂಡು ಪ್ರೇಕ್ಷಕರ ಪ್ರಶಸ್ತಿಯನ್ನು ಪಡೆಯಿತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯದ ಚಿತ್ರಮಂದಿರಗಳಿಗೆ ಬಂತು. ಹಣ ಕೂಡಿಬಂದ ವೇಗವನ್ನಷ್ಟೇ ಗಮನಿಸುವವರು ಅದಕ್ಕೂ ಹಿಂದಿನ ವರ್ಷಗಳನ್ನು ಮರೆಯುತ್ತಾರೆ. ಯೋಗರಾಜ ಭಟ್ಟರ ಚಿತ್ರಗಳ ಬರವಣಿಗೆಯಲ್ಲಿ ಪಾಲ್ಗೊಂಡು, ತಾವೇ ಒಂದು ಚಿತ್ರವನ್ನು ಮುಗಿಸಿ ತೋರಿಸಿ, ತಮ್ಮ ಕಷ್ಟಗಳನ್ನು ಬಿಚ್ಚಿಟ್ಟು ಬರೆದದ್ದರಿಂದಲೇ ಅವರಿಗೆ ನಂಬಿಕೆ ಹುಟ್ಟಿತ್ತು. ಪರಿಚಯವೇ ಇಲ್ಲದ ವಿದ್ಯಾರ್ಥಿಯು ಇಷ್ಟು ಹಿನ್ನೆಲೆಯನ್ನು ತೋರಿಸಲಾರನಾದ್ದರಿಂದ, ಅವನ ಕೈಯಲ್ಲಿ ಕೆಲಸ ಮಾಡುವ ಮಾದರಿಯೊಂದು ಇರಲೇಬೇಕಾಗುತ್ತದೆ. ಬರಿಯ ಚಿತ್ರ ಮತ್ತು ವಿವರಣೆಯನ್ನು ನಂಬಿ ಮುಂಗಡ ಕೊಡುವ ಕಾಲ ಮುಗಿದಿದೆ.

‘ಲೂಸಿಯಾ’ ನಡೆದಾಗ ಈ ವಿಷಯದಲ್ಲಿ ಸ್ಪಷ್ಟವಾದ ಸರ್ಕಾರಿ ಚಿಂತನೆಯೇ ಹೊರಬಂದಿರಲಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕವಾದ ಸೆಬಿಯು 2014ರ ಜೂನ್‌ನಲ್ಲಿ ಪ್ರಕಟಿಸಿದ ಸಮಾಲೋಚನಾ ಪತ್ರದಲ್ಲಿ ಕ್ರೌಡ್‌ಫಂಡಿಂಗ್ ಅನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಏನನ್ನೂ ನಿರೀಕ್ಷಿಸದೆ ಕೊಡುವ ದೇಣಿಗೆ, ಹಣಕ್ಕೆ ಪ್ರತಿಯಾಗಿ ವಸ್ತುವನ್ನೋ ಕೃತಜ್ಞತೆಯ ಕುರುಹನ್ನೋ ಪಡೆಯುವ ಪ್ರತಿಫಲ ಮಾದರಿ, ಬಡ್ಡಿಗೆ ಕೊಡುವ ವ್ಯಕ್ತಿಗತ ಸಾಲ, ಮತ್ತು ಕಂಪನಿಯ ಪಾಲನ್ನೇ ಕೊಡುವ ಷೇರು ಮಾದರಿ ಎಂಬಿವು ಆ ನಾಲ್ಕು. ಮೂರನೆಯದಕ್ಕೆ ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮಗಳನ್ನು ರೂಪಿಸಿತು. ನಾಲ್ಕನೆಯದು ವಿದ್ಯಾರ್ಥಿಗೆ ಅಪಾಯದ ಹಾದಿ: 2013ರ ಕಂಪನಿಗಳ ಕಾಯ್ದೆಯ 42ನೆಯ ಸೆಕ್ಷನ್ನಿನ ಅಡಿಯಲ್ಲಿ ಖಾಸಗಿ ಕಂಪನಿಯೊಂದು ಒಂದು ಹಣಕಾಸು ವರ್ಷದಲ್ಲಿ 200ಕ್ಕಿಂತ ಹೆಚ್ಚು ಮಂದಿಗೆ ಷೇರು ಕೊಡಲು ಮುಂದಾಗುವಂತಿಲ್ಲ, ಸಾರ್ವಜನಿಕ ಜಾಹೀರಾತು ಕೊಡುವಂತೆಯೂ ಇಲ್ಲ, ಆದ್ದರಿಂದ ‘ಐನೂರು ರೂಪಾಯಿ ಕೊಡಿ, ಕಂಪನಿಯಲ್ಲಿ ಪಾಲು ಪಡೆಯಿರಿ’ ಎಂದು ಜಾಲತಾಣದಲ್ಲಿ ಕರೆಕೊಡುವುದು ಕಾನೂನಿನ ಉಲ್ಲಂಘನೆಯಾಗುತ್ತದೆ. ವಸ್ತುವನ್ನು ತಯಾರಿಸಿ ಮಾರಬಯಸುವವರಿಗೆ ಉಳಿಯುವುದು ಎರಡನೆಯ ಮಾದರಿಯೇ.

ಆ ಎರಡನೆಯ ಮಾದರಿಗೂ ಅಷ್ಟಾಗಿ ಪ್ರಚಾರದಲ್ಲಿಲ್ಲದ ಗಡುವೊಂದಿದೆ. ಠೇವಣಿ ಸ್ವೀಕಾರಕ್ಕೆ ಸಂಬಂಧಿಸಿದ 2014ರ ನಿಯಮಗಳ ಪ್ರಕಾರ, ಸರಕು ಪೂರೈಸುವ ಸಲುವಾಗಿ ಕಂಪನಿಯೊಂದು ಪಡೆದ ಮುಂಗಡವನ್ನು 365 ದಿನಗಳೊಳಗೆ ಆ ಸರಕಿನ ಬೆಲೆಗೆ ಹೊಂದಿಸಿಕೊಳ್ಳಬೇಕು. ಇಲ್ಲವಾದರೆ ಅದು ಸಾರ್ವಜನಿಕರಿಂದ ಪಡೆದ ಠೇವಣಿ ಎನಿಸಿಕೊಳ್ಳುವ ಸಂಭವವಿದ್ದು, ಠೇವಣಿ ಪಡೆಯುವ ಅಧಿಕಾರ ಸಣ್ಣ ಹೊಸ ಕಂಪನಿಗೆ ಇರುವುದಿಲ್ಲ. ಹೀಗಾಗಿ ಒಂದು ವರ್ಷದೊಳಗೆ ವಸ್ತು ತಲುಪಬೇಕು, ಇಲ್ಲವೇ ಹಣ ಮರಳಬೇಕು ಎಂಬುದು ಬರಿಯ ನೈತಿಕ ಕಟ್ಟಳೆಯಲ್ಲ. ಮುಂಗಡ ಕೊಟ್ಟವರನ್ನು ಹರಸುವ ದಾನಿಗಳೆಂದು ಬಗೆಯದೆ, ಕೈಯಲ್ಲಿ ರಸೀದಿ ಹಿಡಿದ ಗಿರಾಕಿಗಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೊದಲ ದಿನದಿಂದಲೇ ಕ್ಷೇಮ.

ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಿಕೊಳ್ಳಬಹುದು. ವಿದ್ಯಾರ್ಥಿಗಳ ತಂಡವೊಂದು ಓದುವ ಮೇಜಿಗೆ ಒಪ್ಪುವ, ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ದೀಪವೊಂದನ್ನು ರೂಪಿಸಿ, ತೆರಿಗೆಯೂ ಸೇರಿದಂತೆ 1,500 ರೂಪಾಯಿಯಂತೆ 500 ದೀಪಗಳಿಗೆ ಮುಂಗಡ ಪಡೆಯಿತೆಂದು ಇಟ್ಟುಕೊಳ್ಳೋಣ. ಖಾತೆಯಲ್ಲಿ 7.5 ಲಕ್ಷ ರೂಪಾಯಿ ಕಾಣಿಸಿದಾಗ ಉತ್ಸಾಹ ಉಕ್ಕುವುದು ಸಹಜ. ಜಾಲತಾಣದ ಕಮಿಷನ್ ಮತ್ತು ಹಣ ಪಾವತಿಯ ಶುಲ್ಕವನ್ನು ಒಟ್ಟಾಗಿ ನೂರಕ್ಕೆ 8ರಂತೆ ಹಿಡಿದರೆ 60,000 ರೂಪಾಯಿ ಹೋಯಿತು. ನೂರಕ್ಕೆ 18ರ ಜಿಎಸ್‌ಟಿ ಬೆಲೆಯೊಳಗೇ ಅಡಗಿರುವುದರಿಂದ ಸುಮಾರು 1,14,400 ರೂಪಾಯಿ ಸರ್ಕಾರದ್ದು. ದೀಪವೊಂದಕ್ಕೆ 100 ರೂಪಾಯಿ ಕೊರಿಯರ್ ವೆಚ್ಚವೆಂದರೆ 50,000. ದೀಪದ ಪ್ಲಾಸ್ಟಿಕ್ ಹೊರಕವಚದ ಅಚ್ಚಿಗೆ, ಅಂದರೆ ಕಾರ್ಖಾನೆಯವರು ಮೌಲ್ಡ್ ಎನ್ನುವ ಉಕ್ಕಿನ ಎರಕದ ಸಾಧನಕ್ಕೆ, 2 ಲಕ್ಷ ತಗಲಿತೆಂದರೆ ಕೊನೆಗೆ ಉಳಿಯುವುದು ಸುಮಾರು 3,25,600. ಅದನ್ನು 500ರಿಂದ ಭಾಗಿಸಿದರೆ ದೀಪವೊಂದಕ್ಕೆ ಸಿಗುವುದು ಸುಮಾರು 651 ರೂಪಾಯಿ. ಬಿಡಿಭಾಗ, ಬ್ಯಾಟರಿ, ಜೋಡಣೆಯ ಕೂಲಿ, ಪೆಟ್ಟಿಗೆ, ಪರೀಕ್ಷೆಗಳು, ದಾರಿಯಲ್ಲಿ ಒಡೆದುಹೋದವುಗಳ ಬದಲಿ ಎಲ್ಲವೂ ಇಷ್ಟರಲ್ಲೇ ಮುಗಿಯಬೇಕು. ಬಿಡಿಭಾಗಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿರುವುದರಿಂದ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆಯಾದರೂ, ತಂಡದ ಸದಸ್ಯರ ಶ್ರಮಕ್ಕೆ ಈ ಲೆಕ್ಕದಲ್ಲಿ ಇನ್ನೂ ಒಂದು ಪೈಸೆಯೂ ಇಲ್ಲ. ದೀಪದ ಸಂಖ್ಯೆ 500ಕ್ಕೆ ಬದಲಾಗಿ 150 ಆಗಿದ್ದರೆ ಅಚ್ಚಿನ ಖರ್ಚೊಂದೇ ದೀಪವೊಂದಕ್ಕೆ 1,333 ರೂಪಾಯಿಗೆ ಏರಿ, ಉದ್ಯಮವು ಆರಂಭಕ್ಕೆ ಮೊದಲೇ ನೆಲಕಚ್ಚುತ್ತದೆ. ಗುರಿಯ ಮೊತ್ತ ತುಂಬದಿದ್ದರೆ ಯಾರಿಂದಲೂ ಹಣ ಪಡೆಯದಿರುವ ಕ್ರಮವನ್ನು ಅಮೆರಿಕದ ಕಿಕ್‌ಸ್ಟಾರ್ಟರ್ ತಾಣವು ಪಾಲಿಸಿಕೊಂಡು ಬಂದಿರುವುದರ ಹಿಂದಿನ ತರ್ಕವೂ ಇದೇ.

ಭಾರತದಲ್ಲಿ ನೆಲೆಸಿದವರು ಕಿಕ್‌ಸ್ಟಾರ್ಟರ್‌ನಲ್ಲಿ ನೇರವಾಗಿ ಯೋಜನೆ ಆರಂಭಿಸಲು ಅವಕಾಶವಿಲ್ಲ. ಬೆಂಗಳೂರಿನ ಮಿಲಾಪ್, ಮುಂಬಯಿಯ ಕೆಟ್ಟೋ ಮುಂತಾದ ನಮ್ಮ ದೇಶದ ತಾಣಗಳಲ್ಲಿ ಹೆಚ್ಚಾಗಿ ಕಾಣುವುದು ಚಿಕಿತ್ಸೆಗಾಗಿ ನೆರವು ಕೋರುವ ಮನವಿಗಳು. ಹಾಗಾಗಿ ತಂಡವು ತನ್ನದೇ ಜಾಲತಾಣದಲ್ಲಿ ಮುಂಗಡ ಆರ್ಡರ್ ಪಡೆಯುವುದು ಹಲವು ಸಂದರ್ಭಗಳಲ್ಲಿ ಹೆಚ್ಚು ಸೂಕ್ತ. ಅಂತರರಾಜ್ಯ ಮಾರಾಟದ ಒಂದು ನಿಯಮವನ್ನು ಇಲ್ಲಿ ನೆನಪಿಡಬೇಕು: ರಾಜ್ಯದೊಳಗೆ ಸರಕು ಮಾರುವ ಸಣ್ಣ ವ್ಯಾಪಾರಿಗೆ ವಾರ್ಷಿಕ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದೆಯಾದರೂ, ಮೈಸೂರಿನಿಂದ ಕೊಯಮತ್ತೂರಿಗೆ ಅಂತಹ ಒಂದೇ ದೀಪವನ್ನು ಮಾರಿದರೂ ನೋಂದಣಿ ಕಡ್ಡಾಯ.

ವಸ್ತುವನ್ನು ತಯಾರಿಸುವ ಹಂತದಲ್ಲಿ ಮೈಸೂರಿನ ನಿಜವಾದ ಬಲ ಕಾಣಿಸುತ್ತದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಕೇಂದ್ರೀಯ ಪೆಟ್ರೋಕೆಮಿಕಲ್ಸ್ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ಸಿಪೆಟ್, ಅಚ್ಚಿನ ವಿನ್ಯಾಸ ಮತ್ತು ತಯಾರಿಕೆಯಲ್ಲಿ ತರಬೇತಿಯನ್ನೂ ತಾಂತ್ರಿಕ ಸೇವೆಯನ್ನೂ ಕೊಡುತ್ತದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೂ ನಗರದಲ್ಲಿದೆ. ಬೇರೆಯವರಿಗಾಗಿ ಎಲೆಕ್ಟ್ರಾನಿಕ್ ಫಲಕಗಳನ್ನು ಜೋಡಿಸಿಕೊಡುವ ಕೇನ್ಸ್ ಟೆಕ್ನಾಲಜಿ 1988ರಲ್ಲಿ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ತಿನಿಸಿನ ಉದ್ಯಮಕ್ಕೆ ಕೈಹಾಕುವ ವಿದ್ಯಾರ್ಥಿಗಳಿಗೆ 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಇದೆ, ಅದರ ಜೊತೆಗೆ ಹೊಸ ಉದ್ಯಮಗಳಿಗೆ ನೆಲೆಯೊದಗಿಸುವ ಕೇಂದ್ರವೂ ಇದೆ. ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿರುವ ಎಸ್‌ಜೆಸಿಇ-ಸ್ಟೆಪ್, ಸ್ಟಾರ್ಟ್‌ಅಪ್ ಎಂಬ ಮಾತು ಬಳಕೆಗೆ ಬರುವುದಕ್ಕೆ ಎಷ್ಟೋ ಮೊದಲೇ ತಾಂತ್ರಿಕ ಉದ್ಯಮಿಗಳಿಗೆ ಜಾಗ ಮತ್ತು ಮಾರ್ಗದರ್ಶನ ಕೊಡಲಾರಂಭಿಸಿದ ಸಂಸ್ಥೆ. ರಾಜ್ಯದ 2015ರ ಸ್ಟಾರ್ಟ್‌ಅಪ್ ನೀತಿಯು ಬೆಂಗಳೂರಿನ ಹೊರಗಿನ ಕಾಲೇಜುಗಳಿಗೆಂದೇ ರೂಪಿಸಿದ ನೈನ್ ಯೋಜನೆಯಲ್ಲಿ ಆಯ್ದ ವಿದ್ಯಾರ್ಥಿ ಯೋಜನೆಗೆ ಗರಿಷ್ಠ 3 ಲಕ್ಷ ರೂಪಾಯಿಯ ನೆರವಿಗೆ ಅವಕಾಶವಿತ್ತು. ಮಾದರಿಯನ್ನು ಇಂತಹ ಅನುದಾನದಿಂದ ಸಿದ್ಧಪಡಿಸಿ, ಜನರ ಮುಂಗಡವನ್ನು ತಯಾರಿಕೆಗೆ ಮಾತ್ರ ಬಳಸುವುದು ಅತ್ಯಂತ ವಿವೇಕದ ಕ್ರಮ. ಸಂಶೋಧನೆ ವಿಫಲವಾಗಬಹುದು, ಅದರ ನಷ್ಟವನ್ನು ವಸ್ತುವಿಗೆ ಬೆಲೆ ತೆತ್ತವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಮೇಲಿನ ದೀಪಕ್ಕೆ ಇನ್ನೊಂದು ಬಾಗಿಲನ್ನೂ ದಾಟಬೇಕಿದೆ. ಎಲ್‌ಇಡಿ ದೀಪಗಳು, ಲಿಥಿಯಂ ಬ್ಯಾಟರಿಯ ಸೆಲ್‌ಗಳು, ಪವರ್ ಅಡಾಪ್ಟರ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿದ್ದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗದೆ ಅವನ್ನು ಮಾರುವಂತಿಲ್ಲ. ಈ ನೋಂದಣಿಯನ್ನು ಕೊಡುವುದು ತಯಾರಿಕೆ ನಡೆಯುವ ಕಾರ್ಖಾನೆಗೆ. ಸ್ವಂತ ಕಾರ್ಖಾನೆಯಿಲ್ಲದ ವಿದ್ಯಾರ್ಥಿಗಳು ತಮಗೆ ತಯಾರಿಸಿಕೊಡುವವರೊಂದಿಗೆ ಈ ಬಗ್ಗೆ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು. ಪೇಟೆಂಟಿನ ವಿಷಯದಲ್ಲೂ ಕ್ರಮ ತಪ್ಪಬಾರದು. ಆವಿಷ್ಕಾರವನ್ನು ಜನರ ಮುಂದೆ ತೆರೆದಿಟ್ಟ ಬಳಿಕ ಅದರ ಹೊಸತನವೇ ನಷ್ಟವಾಗಿ ಪೇಟೆಂಟ್ ಸಿಗದೆ ಹೋಗಬಹುದಾದ್ದರಿಂದ, ಪ್ರಚಾರಕ್ಕೆ ಮೊದಲೇ ತಾತ್ಕಾಲಿಕ ಅರ್ಜಿಯನ್ನು ಸಲ್ಲಿಸಿ, ಪೂರ್ಣ ವಿವರ ಒದಗಿಸಲು ಸಿಗುವ 12 ತಿಂಗಳ ಅವಧಿಯನ್ನು ಬಳಸಿಕೊಳ್ಳಬೇಕು. ಕಾಲೇಜಿನ ಪ್ರಯೋಗಾಲಯ ಮತ್ತು ಹಣವನ್ನು ಗಣನೀಯವಾಗಿ ಬಳಸಿದ್ದರೆ ಆ ಹಕ್ಕಿನಲ್ಲಿ ಸಂಸ್ಥೆಯೂ ಪಾಲುದಾರನಾಗುವುದನ್ನು ಕೇಂದ್ರ ಶಿಕ್ಷಣ ಸಚಿವಾಲಯದ 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟ್‌ಅಪ್ ನೀತಿ ಹೇಳುತ್ತದೆ.

ಎಲ್ಲ ಎಚ್ಚರಿಕೆಗಳ ನಡುವೆಯೂ ತಡವಾಗುವುದು ಈ ಕ್ಷೇತ್ರದ ಸಾಮಾನ್ಯ ರೋಗ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮಾಲಿಕ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಗಡ ಪಡೆದ ಯೋಜನೆಗಳ ಪೈಕಿ ನೂರಕ್ಕೆ 75ಕ್ಕಿಂತ ಹೆಚ್ಚಿನವು ಹೇಳಿದ ಕಾಲಕ್ಕೆ ವಸ್ತುವನ್ನು ತಲುಪಿಸಲಿಲ್ಲವೆಂದು ಕಂಡುಬಂತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗಲೇ ಕೈಗಡಿಯಾರದ ಪ್ರಯೋಗ ಆರಂಭಿಸಿದ್ದ ಎರಿಕ್ ಮಿಗಿಕೋವ್‌ಸ್ಕಿ ಅವರ ‘ಪೆಬಲ್’ ಯೋಜನೆ 2012ರಲ್ಲಿ 1 ಲಕ್ಷ ಡಾಲರ್ ಕೇಳಿ, 68,929 ಮಂದಿಯಿಂದ 1 ಕೋಟಿ ಡಾಲರಿಗೂ ಹೆಚ್ಚು ಪಡೆಯಿತು; ಅದೇ ಸೆಪ್ಟೆಂಬರ್‌ನಲ್ಲಿ ಕೊಡುವುದಾಗಿ ಹೇಳಿದ್ದ ಗಡಿಯಾರ ಹೊರಟದ್ದು 2013ರ ಜನವರಿಯಲ್ಲಿ. ಕೇಳಿದ್ದಕ್ಕಿಂತ ನೂರು ಪಟ್ಟು ಹಣ ಬಂದದ್ದೇ ತಡಕ್ಕೆ ಮುಖ್ಯ ಕಾರಣವಾಗಿತ್ತು, ಏಕೆಂದರೆ ಸಾವಿರ ಗಡಿಯಾರ ತಯಾರಿಸುವ ರೀತಿಯೇ ಬೇರೆ, ಎಂಬತ್ತು ಸಾವಿರಕ್ಕೆ ಬೇಕಾದ ವ್ಯವಸ್ಥೆಯೇ ಬೇರೆ. ಇನ್ನೂ ಕಹಿಯಾದದ್ದು ‘ಕೂಲೆಸ್ಟ್ ಕೂಲರ್’ ಎಂಬ ತಂಪುಪೆಟ್ಟಿಗೆಯ ಕಥೆ. 2014ರಲ್ಲಿ 62,642 ಮಂದಿಯಿಂದ 1.3 ಕೋಟಿ ಡಾಲರಿಗೂ ಹೆಚ್ಚು ಪಡೆದ ಆ ಉದ್ಯಮವು ವಸ್ತುವಿನ ಅಸಲು ಖರ್ಚಿಗಿಂತ ಕಡಿಮೆ ಬೆಲೆಯನ್ನು ಗೊತ್ತುಮಾಡಿತ್ತು; 2019ರ ಡಿಸೆಂಬರ್‌ನಲ್ಲಿ ಅದು ಬಾಗಿಲು ಮುಚ್ಚಿದಾಗ ಸುಮಾರು 20,000 ಮಂದಿಗೆ ಪೆಟ್ಟಿಗೆ ತಲುಪಿಯೇ ಇರಲಿಲ್ಲ. ಮೇಲಿನ 651 ರೂಪಾಯಿಯ ಲೆಕ್ಕವನ್ನು ಅವರು ಮುಂಚೆಯೇ ನಿಷ್ಠುರವಾಗಿ ಮಾಡಿದ್ದರೆ ಅಷ್ಟು ದೊಡ್ಡ ಭಾರ ಅವರ ಮೇಲೆ ಬೀಳುತ್ತಿರಲಿಲ್ಲ.

ವಿದ್ಯಾರ್ಥಿಗೆ ಮತ್ತೊಂದು ಪಂಚಾಂಗವೂ ಇದೆ, ಅದು ಸೆಮಿಸ್ಟರ್‌ನದು. ಆಂತರಿಕ ಪರೀಕ್ಷೆ, ಪ್ರಾಜೆಕ್ಟ್ ಮೌಲ್ಯಮಾಪನ, ಕ್ಯಾಂಪಸ್ ಸಂದರ್ಶನಗಳ ನಡುವೆ ದೀಪಗಳ ಜೋಡಣೆಯನ್ನು ಪರಿಶೀಲಿಸುವವರಾರು, ನೌಕರಿ ಸಿಕ್ಕ ಗೆಳೆಯ ಪುಣೆಗೆ ಹೊರಟರೆ ಅವನ ಪಾಲಿನ ಹೊಣೆಯನ್ನು ಹೊರುವವರಾರು ಎಂಬುದನ್ನು ಬರಹದಲ್ಲಿ ಗೊತ್ತುಮಾಡಿಕೊಂಡ ಮೇಲಷ್ಟೇ ಮುಂಗಡ ಪಡೆಯಬೇಕು. 2019ರ ನೀತಿಯು ಇಂತಹವರಿಗೆ ಹಾಜರಾತಿಯಲ್ಲಿ ರಿಯಾಯಿತಿ ಕೊಡಲು, ಒಂದು ಸೆಮಿಸ್ಟರ್ ಅಥವಾ ವರ್ಷದ ವಿರಾಮ ಪಡೆದು ಮತ್ತೆ ಓದಿಗೆ ಮರಳಲು ಕಾಲೇಜುಗಳಿಗೆ ಶಿಫಾರಸು ಮಾಡಿದೆಯಾದರೂ, ಅದನ್ನು ಅಳವಡಿಸಿಕೊಳ್ಳುವುದು ಆಯಾ ಸಂಸ್ಥೆಯ ಕೈಯಲ್ಲಿದೆ. ಆದ್ದರಿಂದ ಮುಂಗಡದ ಪ್ರಕಟಣೆ ಹೊರಡಿಸುವ ಮೊದಲು ಪ್ರಾಂಶುಪಾಲರಿಂದ ಲಿಖಿತ ಒಪ್ಪಿಗೆ ಪಡೆದು, ವಸ್ತು ತಲುಪಿಸುವ ತಿಂಗಳನ್ನು ಪರೀಕ್ಷೆಗಳು ಮುಗಿದ ನಂತರದ ರಜೆಗೆ ಹೊಂದಿಸಿ ಗೊತ್ತುಮಾಡಬೇಕಾಗುತ್ತದೆ.