ಚಳಿಗಾಲದಲ್ಲಿ ಗಾಳಕ್ಕೆ ಯಾವ ಎರೆ?

ಎಳ್ಳಮಾವಾಸ್ಯೆಯ ಸುಮಾರಿಗೆ ಕೌಜಲಗಿ ಸುತ್ತಿನ ರೈತರಿಗೆ ಕೊಂಚ ಬಿಡುವು ದೊರೆಯುತ್ತದೆ. ಹೊಲದಲ್ಲಿ ಕೃಷಿಹೊಂಡ ಇದ್ದವರು, ಹಳ್ಳ ಕಾಲುವೆಗಳ ದಂಡೆಯವರು ಈ ದಿನಗಳಲ್ಲಿ ಗಾಳ ಹಿಡಿದು ಕೂಡುವುದುಂಟು. ಕಳೆದ ಚಳಿಗಾಲದಲ್ಲಿ ಕ್ಷೇತ್ರ ಭೇಟಿಗೆ ಹೋದಾಗ ಹಿರಿಯರೊಬ್ಬರು ಹೊಂಡದ ಬದುವಿನ ಮೇಲಿಂದಲೇ ಕೇಳಿದರು: "ಮಳಿಗಾಲದಾಗ ಎರಿಹುಳ ಹಾಕಿದ್ರ ಹತ್ತ ನಿಮಿಷದಾಗ ಮೀನ ಬೀಳ್ತಿತ್ತರಿ. ಈಗ ಅದ ಹುಳ, ಅದ ಗಾಳ, ಬೆಂಡ ಅಳ್ಳಾಡೂದಿಲ್ಲ. ಯಾಕರಿ ಸರ?"

ಅವರ ಮಗ ಪಕ್ಕದಲ್ಲೇ ಇದ್ದ. ಎರೆಹುಳು ಬಿಟ್ಟು ಬೇರೆ ಹುಳು ನೋಡೋಣವೆಂದು ಮೆಕ್ಕೆಜೋಳದ ಸುಳಿಯಿಂದ ಒಂದು ಡಬ್ಬಿ ತುಂಬ ಹುಳು ತಂದಿದ್ದ. "ಇವು ತಾವಾಗಿಯೇ ಸುಳಿ ಬಿಟ್ಟು ಮ್ಯಾಲೆ ಬಂದಿದ್ದುವರಿ, ಆರಸೂದು ಸರಳ ಆತು" ಎಂದ. ಔಷಧಿ ಹೊಡೆದದ್ದು ಯಾವಾಗ ಎಂದು ಕೇಳಿದೆ. "ಮೊನ್ನಿ" ಎಂದ. ಡಬ್ಬಿಯನ್ನು ಅಲ್ಲಿಯೇ ಮುಚ್ಚಿಸಿ, ನೀರಿನಿಂದ ದೂರ ಗುಂಡಿ ತೋಡಿ ಹೂಳಿಸಬೇಕಾಯಿತು. ತಂದೆಯ ಪ್ರಶ್ನೆಗೂ ಮಗನ ಡಬ್ಬಿಗೂ ಒಟ್ಟಿಗೆ ಉತ್ತರವಾಗಿ ಈ ಲೇಖನ.

ಮೊದಲು ತಂದೆಯ ಪ್ರಶ್ನೆ. ಮೀನು ಶೀತರಕ್ತದ ಪ್ರಾಣಿ. ನೀರಿನ ಉಷ್ಣತಾಮಾನ ಎಷ್ಟೋ ಅದರ ಮೈಯ ಉಷ್ಣತಾಮಾನವೂ ಹೆಚ್ಚುಕಡಿಮೆ ಅಷ್ಟೇ. ನೀರು ತಣ್ಣಗಾದಂತೆ ಜೀರ್ಣಕ್ರಿಯೆ ನಿಧಾನವಾಗುತ್ತದೆ, ಹಸಿವು ಇಳಿಯುತ್ತದೆ, ಓಡಾಟವೂ ತಗ್ಗುತ್ತದೆ. ನಮ್ಮ ಗೆಂಡೆ ಮೀನುಗಳು 25 ರಿಂದ 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಚೆನ್ನಾಗಿ ಮೇಯುತ್ತವೆ. 20ಕ್ಕಿಂತ ಕೆಳಗಿಳಿದರೆ ಮೇವು ಬಹಳ ಕಡಿಮೆ. ಜಿಲೇಬಿ ಮೀನು ಉಷ್ಣವಲಯದ್ದಾದ್ದರಿಂದ ಚಳಿಗೆ ಇನ್ನೂ ಬೇಗ ಮಂಕಾಗುತ್ತದೆ. ಇಂಥ ಮೀನು ಬೊಟ್ಟುದ್ದದ ಎರೆಹುಳುವನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಬಾಯಿಯ ಮುಂದೆಯೇ ಚಿಕ್ಕದೊಂದು ಹುಳು ಮೆಲ್ಲನೆ ಮಿಸುಕಿದರೆ ಮಾತ್ರ ಬಾಯಿ ತೆರೆದೀತು.

ಇದನ್ನು ಚೆನ್ನಾಗಿ ಅರಿತವರು ಹಿಮದ ದೇಶಗಳ ಜನ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಕೆನಡಾ ದೇಶದಲ್ಲಿ ಚಳಿಗಾಲಕ್ಕೆ ಸರೋವರಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿ ತಳಕ್ಕಿಳಿಯುವುದರಿಂದ ಗಡ್ಡೆಯ ಕೆಳಗೆ ಮೀನು ಬದುಕಿರುತ್ತದೆ. ಅಲ್ಲಿಯವರು ಗಡ್ಡೆಗೆ ತೂತು ಕೊರೆದು, ಬಾಣಲೆಯಲ್ಲಿ ಇಡಿಯಾಗಿ ಹುರಿಯಬಹುದಾದ ಸಣ್ಣ ಮೀನುಗಳಿಗೆ ಗಾಳ ಬಿಡುತ್ತಾರೆ. ಅವರು ಹೆಚ್ಚಾಗಿ ಬಳಸುವ ಎರೆ ಅಕ್ಕಿಕಾಳಿನಷ್ಟು ನೊಣದ ಹುಳು ಅಥವಾ ಮೇಣದ ಪತಂಗದ ಮರಿಹುಳು. ನಮ್ಮ ಜೇನು ಸಾಕಣೆದಾರರು ಪೆಟ್ಟಿಗೆಯಿಂದ ತೆಗೆದು ಬೆಂಕಿಗೆ ಹಾಕುವ ಹುಳು ಇದೇ! ಅವರು ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮಲ್ಲಿ ಮಂಜುಗಡ್ಡೆ ಇಲ್ಲದಿದ್ದರೂ ನಿಯಮ ಒಂದೇ: ನೀರು ತಣ್ಣಗಾದಷ್ಟೂ ಎರೆ ಚಿಕ್ಕದಿರಬೇಕು, ಆದರೆ ಜೀವಂತವಾಗಿರಬೇಕು.

ಎರೆ ಆರಿಸುವ ಮುನ್ನ ನೀರಿನಲ್ಲಿ ಯಾವ ಮೀನಿದೆ ಎಂಬುದನ್ನು ತಿಳಿಯುವುದು ಅವಶ್ಯ. ಕಟ್ಲಾ ಮೇಲ್ಮಟ್ಟದ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ಅದಕ್ಕೆ ಹುಳು ಹಾಕಿ ಕುಳಿತರೆ ಸಂಜೆಯಾಗುತ್ತದೆ. ರೋಹುವಿಗೂ ಹಿಟ್ಟಿನ ಉಂಡೆಯೇ ಸರಿ. ಜೀವಂತ ಎರೆಗೆ ಬರುವವು ಜಿಲೇಬಿ, ಸಾಮಾನ್ಯ ಗೆಂಡೆ, ಚೇಳು ಮೀನು, ಕೊರವ, ಹಾವು ಮೀನು, ಮತ್ತು ಹಳ್ಳದ ಬೆಳ್ಳಿ ಬಣ್ಣದ ಸಣ್ಣ ಮೀನುಗಳು.

ಎರೆಹುಳುವಿನ ಹೆಸರಿನಲ್ಲಿಯೇ ಎರೆ ಎಂಬ ಮಾತಿದೆ. ನಮ್ಮ ಹಿರಿಯರು ಅದನ್ನು ಮಣ್ಣಿನ ಫಲವತ್ತತೆಗಿಂತ ಮೊದಲು ಗಾಳದಿಂದಲೇ ಗುರುತಿಸಿದ್ದರೋ ಏನೋ. ಚಳಿಗಾಲದಲ್ಲಿ ಮೇಲ್ಮಣ್ಣು ಒಣಗುವುದರಿಂದ ಇದು ಆಳಕ್ಕಿಳಿಯುತ್ತದೆ. ಆದ್ದರಿಂದ ಹೊಲ ಅಗೆಯುವ ಬದಲು ತಿಪ್ಪೆಯ ತೇವದ ಅಂಚು, ಕಬ್ಬಿನ ರವದಿಯ ಅಡಿ, ನೀರುಗಾಲುವೆಯ ಬದಿ ಇಲ್ಲಿ ಹುಡುಕಬೇಕು. ಎರೆಗೊಬ್ಬರದ ತೊಟ್ಟಿ ಇದ್ದವರಿಗೆ ಈ ಕಷ್ಟವಿಲ್ಲ. ಆದರೆ ತೊಟ್ಟಿಯ ಎಲ್ಲ ಹುಳುಗಳೂ ಒಂದೇ ಅಲ್ಲ. ಐಸೀನಿಯಾ ಫೆಟಿಡಾ ಎಂಬ ಪಟ್ಟೆಪಟ್ಟೆಯ ಕೆಂಪು ಹುಳುವನ್ನು ಚುಚ್ಚಿದರೆ ಹಳದಿ ದ್ರವ ಸ್ರವಿಸುತ್ತದೆ. ಅದರ ವಾಸನೆ ಕೆಟ್ಟದ್ದು. 'ಫೆಟಿಡಾ' ಎಂಬ ಹೆಸರೂ ಅದರಿಂದಲೇ ಬಂತು. ಕೆಲವು ಮೀನುಗಳು ಇದನ್ನು ಬಾಯಿಗಿಟ್ಟು ಉಗುಳುತ್ತವೆ. ಯೂಡ್ರಿಲಸ್ ಯೂಜೀನಿಯೆ ಎಂಬ ದಪ್ಪ, ನೇರಳೆ ಹೊಳಪಿನ ಹುಳು ಎರೆಗೆ ಉತ್ತಮ, ಚುರುಕೂ ಹೆಚ್ಚು. ಇದು ಆಫ್ರಿಕದ ಬೆಚ್ಚನೆಯ ನೆಲದ್ದು. ಚಳಿ ತಾಳುವುದಿಲ್ಲ, ತೊಟ್ಟಿಯ ಮೇಲೆ ಒಣಹುಲ್ಲು ಹಾಗೂ ಗೋಣಿತಟ್ಟು ಹೊದಿಸಬೇಕು. ಚಳಿಗಾಲದಲ್ಲಿ ಇಡೀ ಹುಳು ಪೋಣಿಸದೆ ಒಂದರಿಂದ ಎರಡು ಸೆಂ.ಮೀ. ತುಂಡು ಮಾಡಿ ತುದಿಯಷ್ಟೇ ಅಲ್ಲಾಡುವಂತೆ ಚುಚ್ಚುವುದು ಸೂಕ್ತ. ಗಾಳವೂ ಸಣ್ಣದಿರಬೇಕು, 10 ರಿಂದ 14ನೇ ನಂಬರಿನದು. ನಂಬರು ಏರಿದಷ್ಟೂ ಗಾಳ ಚಿಕ್ಕದು ಎಂಬುದನ್ನು ಅಂಗಡಿಯಲ್ಲಿ ಮರೆಯಬಾರದು.

ತಿಪ್ಪೆ ಕೆದಕಿದಾಗ ಸಿಗುವ ಬಿಳಿಯ, ಬಾಗಿದ ಗೊಣ್ಣೆ ಹುಳುವಿನ ಮರಿಗಳು ಚೇಳು ಮೀನಿಗೆ ಒಳ್ಳೆಯ ಎರೆ. ದೊಡ್ಡವು ಬೇಡ. ಕಬ್ಬಿನ ಬೇರಿನಲ್ಲಿ ಸಿಕ್ಕ ಗೊಣ್ಣೆ ಹುಳುವನ್ನಂತೂ ಆರಿಸಿ ತೆಗೆಯುವುದೇ ಲಾಭ, ಬೆಳೆಯೂ ಉಳಿಯಿತು, ಎರೆಯೂ ಆಯಿತು. ಮಿಡತೆ ಹಿಡಿಯಲು ಚಳಿಗಾಲದ ಮುಂಜಾವಿಗಿಂತ ಒಳ್ಳೆಯ ವೇಳೆ ಇಲ್ಲ. ಇಬ್ಬನಿಯಲ್ಲಿ ಮರಗಟ್ಟಿ ಹುಲ್ಲಿಗೆ ಅಂಟಿಕೊಂಡಿರುತ್ತವೆ, ಬಿಸಿಲೇರಿದ ಮೇಲೆ ಕೈಗೆ ಸಿಗುವುದಿಲ್ಲ. ಹಳ್ಳದ ಅಂಚಿನ ಜೊಂಡಿನಲ್ಲಿ ಬುಟ್ಟಿ ಆಡಿಸಿದರೆ ಸಿಗುವ ಸಣ್ಣ ಸಿಗಡಿ ಕೊರವಕ್ಕೆ ಪ್ರಿಯ. ಕೊರವಕ್ಕೆಂದು ಕಪ್ಪೆಮರಿ ಪೋಣಿಸುವ ರೂಢಿಯೂ ಇದೆ. ನನಗೆ ಇದು ಸಮ್ಮತವಲ್ಲ. ಕಪ್ಪೆ ನಮ್ಮ ಹೊಲದ ಕೀಟಗಳನ್ನು ತಿನ್ನುವ ಸಂಬಳವಿಲ್ಲದ ಆಳು. ಕಪ್ಪೆಕಾಲಿನ ರಫ್ತನ್ನೇ ಭಾರತ ಸರ್ಕಾರ 1987ರಲ್ಲಿ ನಿಲ್ಲಿಸಿತು.

ಈಗ ಮಗನ ಡಬ್ಬಿಯ ವಿಷಯ. ಅದರಲ್ಲಿದ್ದುದು ಫಾಲ್ ಸೈನಿಕ ಹುಳು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ರಾಜ್ಯದ ಶಿವಮೊಗ್ಗದಲ್ಲಿ. ಈಗ ಮೆಕ್ಕೆಜೋಳ ಇದ್ದಲ್ಲೆಲ್ಲ ಇದೆ. ಎರೆಯಾಗಿ ಇದು ಕೆಟ್ಟದ್ದಲ್ಲ: ಮೆತ್ತನೆಯದು, ಸಣ್ಣ ಗಾತ್ರದ್ದೂ ಸಿಗುತ್ತದೆ. ಒಂದೇ ಡಬ್ಬಿಯಲ್ಲಿ ಒತ್ತಾಗಿ ಇಟ್ಟರೆ ಒಂದನ್ನೊಂದು ತಿನ್ನುತ್ತವೆ, ಆದ್ದರಿಂದ ಎಲೆಯ ತುಂಡುಗಳ ನಡುವೆ ವಿರಳವಾಗಿ ಇಡಬೇಕು. ತೊಂದರೆ ಇರುವುದು ಹುಳುವಿನಲ್ಲಲ್ಲ, ಔಷಧಿಯಲ್ಲಿ. ಇದರ ಹತೋಟಿಗೆ ಸಿಂಪಡಿಸುವ ಎಮಾಮೆಕ್ಟಿನ್ ಬೆಂಜೋಯೇಟ್ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಕೆಲವು ಗಂಟೆಗಳಲ್ಲಿ ಮೇವು ನಿಲ್ಲಿಸುತ್ತದೆ, ಮೈ ಜೋಲುತ್ತದೆ, ಸಾಯಲು ಎರಡು ಮೂರು ದಿನ ಹಿಡಿಯಬಹುದು. ಈ ನಡುವಣ ದಿನಗಳಲ್ಲಿ ಹುಳು ಬದುಕಿಯೇ ಇದ್ದರೂ ಅಡಗಲಾರದು, ಓಡಲಾರದು. ಕೈಗೆ ಅತಿ ಸುಲಭವಾಗಿ ಸಿಗುವುದು ಈ ವಿಷವುಂಡ ಹುಳುವೇ! ಈ ಔಷಧಿ ಮೀನಿಗೆ ತೀವ್ರ ವಿಷ. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳಂತೂ ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೀನನ್ನು ಕೊಲ್ಲಬಲ್ಲವು. ಒಂದು ಗಾಳದ ಹುಳುವಿನಿಂದ ಹೊಂಡವೇ ಹಾಳಾಗದು ನಿಜ. ಆದರೆ ಉಳಿದ ಹುಳುಗಳನ್ನೂ, ಡಬ್ಬಿ ತೊಳೆದ ನೀರನ್ನೂ ಹೊಂಡಕ್ಕೇ ಚೆಲ್ಲುವ ಅಭ್ಯಾಸ ನಮ್ಮದು, ಮತ್ತು ಹಿಡಿದ ಮೀನು ಹೋಗುವುದು ಮನೆಯ ಮಕ್ಕಳ ತಟ್ಟೆಗೆ.

ಆದ್ದರಿಂದ ಸಿಂಪಡಿಸಿದ ಅಥವಾ ಹರಳು ಔಷಧಿ ಹಾಕಿದ ಬೆಳೆಯಿಂದ ಆ ಹಂಗಾಮಿನಲ್ಲಿ ಎರೆ ಆರಿಸಲೇಬಾರದು. ಪಕ್ಕದ ಹೊಲದವರು ಯಾವಾಗ ಹೊಡೆದರು ಎಂಬುದನ್ನೂ ಕೇಳಬೇಕು. ಫೋರೇಟ್ ಹರಳನ್ನು 2020ರ ಕೊನೆಯಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಚೀಲ ಕೊಟ್ಟಿಗೆಯಲ್ಲಿ ಉಳಿದಿದ್ದರೆ ಅದರ ಹತ್ತಿರದ ಹುಳುವನ್ನೂ ಮುಟ್ಟಬೇಡಿರಿ. ಹುಳುವನ್ನು ಪರೀಕ್ಷಿಸುವ ಬಗೆ ಸರಳ: ಒದ್ದೆ ಎಲೆಯ ಮೇಲಿಟ್ಟು ಕಡ್ಡಿಯಿಂದ ಮುಟ್ಟಿ. ಆರೋಗ್ಯವಂತ ಹುಳು ಕೂಡಲೇ ಸುರುಳಿ ಸುತ್ತುತ್ತದೆ ಅಥವಾ ತಪ್ಪಿಸಿಕೊಳ್ಳಲು ಹೊರಳುತ್ತದೆ. ಜೋತುಬಿದ್ದದ್ದು, ನಡುಗುವುದು, ಬಣ್ಣಗೆಟ್ಟದ್ದು ಬೇಡ. ಆದರೆ ಚುರುಕಾಗಿದೆ ಎಂದ ಮಾತ್ರಕ್ಕೆ ಸಿಂಪಡಿಸಿದ ಹೊಲದ ಹುಳು ನಿರಪಾಯವೆಂದು ತಿಳಿಯಕೂಡದು.

ಎರೆಯಾಗಿ ಜೀವಂತ ಮೀನುಮರಿ ಬಳಸುವವರು ಅದೇ ನೀರಿನ ಮರಿಯನ್ನೇ ಬಳಸತಕ್ಕದ್ದು. 1952ರಲ್ಲಿ ದೇಶಕ್ಕೆ ತಂದ ಜಿಲೇಬಿ ಇಂದು ಕೆರೆಕೆರೆಗೂ ಹಬ್ಬಿದೆ. ಸಾಕಣೆ ನಿಷೇಧಿಸಲಾದ ಆಫ್ರಿಕನ್ ಕ್ಯಾಟ್‌ಫಿಶ್‌ನ ಮರಿ ಗಾಳದಿಂದ ಜಾರಿ ಹೊಂಡಕ್ಕೆ ಬಿದ್ದರೆ ನೀವು ಬಿಟ್ಟ ಗೆಂಡೆ ಮರಿಗಳ ಗತಿ ಹೇಳಬೇಕಾಗಿಲ್ಲ.

ಇನ್ನು ವೇಳೆ. ಚಳಿಗಾಲದಲ್ಲಿ ನಸುಕಿನಲ್ಲಿ ಎದ್ದು ಕೂಡುವುದು ವ್ಯರ್ಥ. ಬಿಸಿಲಿಗೆ ನೀರು ಕಾಯ್ದ ಮೇಲೆ, ಹನ್ನೊಂದರಿಂದ ನಾಲ್ಕರವರೆಗೆ, ಗಾಳಿ ಮರೆಯ ದಂಡೆಯಲ್ಲಿ ಕೂಡಿರಿ. ಜೋಳದ ದಂಟಿನ ಬೆಂಡು ಹಗುರಾಗಿರುವುದರಿಂದ ಮಂಕು ಮೀನಿನ ಮೆಲ್ಲನೆಯ ಕಚ್ಚನ್ನೂ ತೋರಿಸುತ್ತದೆ. ಹೊಂಡಕ್ಕೆ ಪಾಲಿಥಿನ್ ಹಾಳೆ ಹಾಸಿದ್ದರೆ ಗಾಳ ತಳದಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಬೆಂಡನ್ನು ಕಟ್ಟಬೇಕು. ಹಾಳೆಗೆ ಬಿದ್ದ ತೂತು ಬೇಸಿಗೆಯಲ್ಲಿ ತಿಳಿಯುತ್ತದೆ. ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರದೋ ಸಹಕಾರ ಸಂಘದ್ದೋ ಆಗಿರುತ್ತದೆ, ಕೇಳಿಯೇ ಗಾಳ ಹಾಕಿರಿ. ಉಳಿದ ಎರೆಯನ್ನು ನೀರಿಗೆ ಸುರಿಯದೆ, ಎರೆಹುಳುವಾದರೆ ತೊಟ್ಟಿಗೆ ಮರಳಿಸಿ, ಸಿಂಪಡಿಸದ ಹೊಲದ ಸೈನಿಕ ಹುಳುವಾದರೆ ಮನೆಯ ಕೋಳಿಗಳಿಗೆ ಹಾಕಿ.